ನಾಲ್ಕು ರೂಮಿನ ಮನೆ, ಮೂವರಿಗೇ ಬಾಡಿಗೆ: ಅಮೆರಿಕದ ಈ ಕಾನೂನು ಏನು?

ಅಮೆರಿಕಕ್ಕೆ ಎಂಎಸ್ ಓದಲು ಹೊರಟ ನಮ್ಮ ಹುಡುಗರು ವಿಮಾನ ಹತ್ತುವ ಮೊದಲೇ ವಾಟ್ಸಾಪ್ ಗ್ರೂಪಲ್ಲಿ ರೂಮ್‌ಮೇಟ್‌ಗಳನ್ನು ಹುಡುಕಿಕೊಂಡಿರುತ್ತಾರೆ. ಕ್ಯಾಂಪಸ್ ಹತ್ತಿರ ನಾಲ್ಕು ಬೆಡ್‌ರೂಮಿನ ಮನೆಯೊಂದು ಕಣ್ಣಿಗೆ ಬೀಳುತ್ತದೆ. ಐದು ಜನ ಸೇರಿದರೆ ಬಾಡಿಗೆ ಕೈಗೆಟುಕುತ್ತದೆ. ಅಷ್ಟರಲ್ಲಿ ಮಾಲೀಕ ಒಂದು ಮಾತು ಹೇಳುತ್ತಾನೆ: ಮನೆ ಕೊಡ್ತೀನಿ, ಆದರೆ ಅಗ್ರಿಮೆಂಟಿನಲ್ಲಿ ಮೂರೇ ಹೆಸರು. ಯಾಕೆ ಅಂದರೆ, ಸಿಟಿ ರೂಲ್.

ಇದು ಮಾಲೀಕನ ಕಿತಾಪತಿ ಅಂತ ಅನಿಸುವುದು ಸಹಜ. "ಬ್ಯಾಚುಲರ್ಸ್‌ಗೆ ಕೊಡಲ್ಲ, ಫ್ಯಾಮಿಲಿಗೆ ಮಾತ್ರ" ಅನ್ನುವ ಮಾತು ಬೆಂಗಳೂರಲ್ಲಿ ಮನೆ ಹುಡುಕಿದವರಿಗೆ ಹೊಸದೇನಲ್ಲ. ಆದರೆ ಇಲ್ಲಿ ಹಾಗೆ ಹೇಳುವವನು ಓನರ್, ಇಲ್ಲವೇ ಅಪಾರ್ಟ್‌ಮೆಂಟ್ ಅಸೋಸಿಯೇಷನ್. ಅಮೆರಿಕದ ಎಷ್ಟೋ ಊರುಗಳಲ್ಲಿ ಹೀಗೆ ಹೇಳುವುದು ನಗರಾಡಳಿತವೇ. ರಕ್ತಸಂಬಂಧ, ಮದುವೆ, ದತ್ತು, ಇವು ಯಾವುದೂ ಇಲ್ಲದ ಇಷ್ಟು ಜನಕ್ಕಿಂತ ಜಾಸ್ತಿ ಒಂದು ಮನೆಯಲ್ಲಿ ಇರಬಾರದು ಅಂತ ಕಾನೂನಿನಲ್ಲೇ ಬರೆದಿರುತ್ತಾರೆ. ಕೆಲವು ಕಡೆ ಇಬ್ಬರು, ಬಹಳ ಕಡೆ ಮೂವರು, ಇನ್ನು ಕೆಲವು ಕಡೆ ನಾಲ್ವರು ಅಥವಾ ಐವರು. ಮನೆ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಇದರ ಬೇರು ಇರುವುದು ಝೋನಿಂಗ್‌ನಲ್ಲಿ. ಊರಿನ ನಕ್ಷೆ ಇಟ್ಟುಕೊಂಡು ಇಲ್ಲಿ ವಸತಿ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಅಂತ ಬಣ್ಣ ಬಳಿಯುವುದು ನಮ್ಮ ಬಿಡಿಎ ಮಾಸ್ಟರ್ ಪ್ಲಾನಿನಲ್ಲೂ ಉಂಟು. ಅಮೆರಿಕದವರು ವಸತಿ ವಲಯದ ಒಳಗೇ ಇನ್ನೊಂದು ಗೆರೆ ಎಳೆದರು. ಈ ಬೀದಿಗಳಲ್ಲಿ ಒಂದೊಂದು ಸೈಟಿಗೆ ಒಂದೇ ಮನೆ, ಒಂದೊಂದು ಮನೆಗೆ ಒಂದೇ ಕುಟುಂಬ. ಹೀಗೆ ಗೆರೆ ಎಳೆಯಬಹುದೇ ಅನ್ನುವ ಪ್ರಶ್ನೆ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಅನ್ನುವ ಊರಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1926ರಲ್ಲಿ ಕೋರ್ಟು, ಎಳೆಯಬಹುದು ಅಂದಿತು. ಒಂಟಿ ಮನೆಗಳ ಬೀದಿಯಲ್ಲಿ ತಲೆ ಎತ್ತುವ ಅಪಾರ್ಟ್‌ಮೆಂಟು ಎಷ್ಟೋ ಸಲ ಬರೀ ಪರೋಪಜೀವಿ ಅಂತ ತೀರ್ಪಿನಲ್ಲೇ ಬೈದುಬಿಟ್ಟಿತು.

ಒಂದೇ ಕುಟುಂಬ ಅಂದಮೇಲೆ ಕುಟುಂಬ ಅಂದರೆ ಯಾರು ಅಂತಲೂ ಹೇಳಬೇಕಲ್ವಾ? ಮೊದಮೊದಲು ಬಹಳಷ್ಟು ಊರುಗಳು ಇದನ್ನು ಸಡಿಲವಾಗಿಯೇ ಬಿಟ್ಟಿದ್ದವು. ಒಂದೇ ಅಡುಗೆಮನೆ ಇಟ್ಟುಕೊಂಡು ಒಟ್ಟಿಗೆ ಸಂಸಾರ ನಡೆಸುವವರು ಅಂದರೆ ಸಾಕಿತ್ತು. 1960-70ರ ದಶಕದಲ್ಲಿ ಗಾಳಿ ಬದಲಾಯಿತು. ಕಾಲೇಜು ಸೇರುವವರು ಹೆಚ್ಚಾದರು, ಹಾಸ್ಟೆಲ್ ಬಿಟ್ಟು ಊರೊಳಗೆ ಮನೆ ಹಿಡಿಯುವುದು ಶುರುವಾಯಿತು. ಹಿಪ್ಪಿಗಳ ಕಾಲ ಬೇರೆ. ಒಂದೊಂದೇ ಊರು ತನ್ನ ಪುಸ್ತಕ ತೆಗೆದು, ಸಂಬಂಧ ಇಲ್ಲದವರಾದರೆ ಇಷ್ಟೇ ಜನ ಅಂತ ಅಂಕಿ ಬರೆಯಿತು.

ಆ ಅಂಕಿಗೆ ಗಟ್ಟಿ ಮುದ್ರೆ ಒತ್ತಿಸಿಕೊಟ್ಟದ್ದು ಬೆಲ್ ಟೆರ್ ಅನ್ನುವ ಪುಟ್ಟ ಹಳ್ಳಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದೆ. ಆಗ ಸುಮಾರು 220 ಮನೆ, 700 ಜನ. ಒಂದು ಚದರ ಮೈಲಿಗೂ ಕಡಿಮೆ ಜಾಗ. ಹಳ್ಳಿ ಅಂದರೆ ನಮ್ಮ ಹಳ್ಳಿಯ ಥರ ಅಲ್ಲ ಬಿಡಿ, ಸ್ಥಿತಿವಂತರ ಬಡಾವಣೆ. ಹತ್ತಿರದಲ್ಲೇ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ. ಇವತ್ತು ಅಲ್ಲಿ ನಮ್ಮ ಕಡೆಯ ಮಕ್ಕಳೂ ಓದುತ್ತಾರೆ. ಊರಿನ ನಿಯಮದ ಪ್ರಕಾರ ನೆಂಟರು ಎಷ್ಟು ಜನ ಬೇಕಾದರೂ ಒಟ್ಟಿಗಿರಬಹುದು. ನೆಂಟಸ್ತನ ಇಲ್ಲದವರು ಇಬ್ಬರನ್ನು ಮೀರುವಂತಿಲ್ಲ. ಒಂದು ದಂಪತಿ ತಮ್ಮ ಮನೆಯನ್ನು ಆ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ಊರಿನ ಆಡಳಿತ ನೋಟಿಸ್ ಕಳಿಸಿತು. ಮಾಲೀಕರೂ ಕೆಲವು ಬಾಡಿಗೆದಾರರೂ ಸೇರಿ ಕೋರ್ಟಿಗೆ ಹೋದರು.

1974ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಹಳ್ಳಿಯ ಪರ ನಿಂತಿತು. ತೀರ್ಪು ಬರೆದವರು ವಿಲಿಯಂ ಡಗ್ಲಾಸ್. ವ್ಯಕ್ತಿಸ್ವಾತಂತ್ರ್ಯದ ಪರ ಗಟ್ಟಿಯಾಗಿ ಮಾತಾಡುತ್ತಿದ್ದ ನ್ಯಾಯಮೂರ್ತಿ. ಕಾಡು, ಬೆಟ್ಟ, ಚಾರಣ ಅಂದರೆ ಅವರಿಗೆ ಪ್ರಾಣ. ಆ ಪ್ರೀತಿಯೇ ಇಲ್ಲಿ ಕೆಲಸ ಮಾಡಿತೋ ಏನೋ. ಅಗಲವಾದ ಅಂಗಳ, ಕಡಿಮೆ ಜನ, ಕಡಿಮೆ ವಾಹನ, ನೆಮ್ಮದಿ, ಒಳ್ಳೆಯ ಗಾಳಿ, ಇವನ್ನೆಲ್ಲ ಬಯಸಿ ಊರೊಂದು ನಿಯಮ ಮಾಡಿಕೊಂಡರೆ ತಪ್ಪಿಲ್ಲ ಅಂದರು.

ಒಪ್ಪದ ಇಬ್ಬರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಅವರು ಎತ್ತಿದ ಮಾತಿಗೆ ಇವತ್ತಿನವರೆಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಅಂತ ನನ್ನ ಅಭಿಪ್ರಾಯ. ಈ ನಿಯಮದ ಪ್ರಕಾರ ಒಂದು ಡಜನ್ ಜನರ ಕುಟುಂಬ ಸಣ್ಣ ಮನೆಯೊಂದರಲ್ಲಿ ತುಂಬಿಕೊಂಡು ಇರಬಹುದು. ಪಕ್ಕದ ದೊಡ್ಡ ಬಂಗಲೆಯಲ್ಲಿ ನಿವೃತ್ತರಾದ ಮೂವರು ವಯಸ್ಸಾದವರು ಸೇರಿ ಇರುವಂತಿಲ್ಲ. ಗಲಾಟೆ, ಕಾರು, ಜನಸಂದಣಿ ಇವೇ ತೊಂದರೆ ಅಂದರೆ ಅವನ್ನೇ ಅಳೆಯಿರಿ, ಯಾರಿಗೆ ಯಾರು ಏನಾಗಬೇಕು ಅಂತ ಕೇಳುವುದು ಯಾಕೆ ಅನ್ನುವುದು ಅವರ ವಾದ.

ಸರಿ, ಸಂಬಂಧಿಕರಾದರೆ ಬಚಾವಾ? ಅದೂ ಇಲ್ಲ. ಓಹಾಯೊ ರಾಜ್ಯದ ಈಸ್ಟ್ ಕ್ಲೀವ್‌ಲ್ಯಾಂಡಿನಲ್ಲಿ ಐನೆಜ್ ಮೂರ್ ಅನ್ನುವ ಅಜ್ಜಿ ಇದ್ದರು. ಮನೆಯಲ್ಲಿ ಒಬ್ಬ ಮಗ, ಆ ಮಗನ ಮಗ, ಜೊತೆಗೆ ಇನ್ನೊಬ್ಬ ಮಗನ ಮಗ. ಈ ಎರಡನೇ ಮೊಮ್ಮಗ ತಾಯಿ ತೀರಿಕೊಂಡಮೇಲೆ ಅಜ್ಜಿಯ ಹತ್ತಿರ ಬಂದವನು. ನಮ್ಮ ಕಡೆ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಒಂದೇ ಮನೆಯಲ್ಲಿ ಬೆಳೆದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಅಲ್ಲಿನ ನಿಯಮದಲ್ಲಿ ಮಾತ್ರ ಒಬ್ಬ ಮಗನ ಸಂಸಾರಕ್ಕಷ್ಟೇ ಜಾಗ ಇತ್ತು. 1973ರಲ್ಲಿ ಆ ಹುಡುಗ "ಅಕ್ರಮ ವಾಸಿ" ಅಂತ ನೋಟಿಸ್ ಬಂತು. ಅಜ್ಜಿ ಅವನನ್ನು ಹೊರಗೆ ಕಳಿಸಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ಅಂತ ಶಿಕ್ಷೆಯಾಯಿತು. 1977ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು, ಅದೂ 5-4ರ ಕೂದಲೆಳೆ ಅಂತರದಲ್ಲಿ. ಅಜ್ಜಿ-ಮೊಮ್ಮಕ್ಕಳನ್ನು ಬೇರೆ ಮಾಡಬೇಡಿ ಅಂದಿತು. ಆದರೆ ಬೆಲ್ ಟೆರ್ ತೀರ್ಪನ್ನು ಮುಟ್ಟಲಿಲ್ಲ. ಇವತ್ತಿಗೂ ಅಲ್ಲಿನ ಸಂವಿಧಾನದ ಪ್ರಕಾರ ರೂಮ್‌ಮೇಟ್‌ಗಳ ತಲೆ ಎಣಿಸುವುದು ಕಾನೂನುಬದ್ಧವೇ.

ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ, ನ್ಯೂಜೆರ್ಸಿಯಲ್ಲಿ ಈ ತಂಟೆ ಯಾಕಿಲ್ಲ? ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಕೇಂದ್ರದ ಸಂವಿಧಾನ ಕೊಡುವುದಕ್ಕಿಂತ ಜಾಸ್ತಿ ಹಕ್ಕನ್ನು ಅದು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಕ್ಯಾಲಿಫೋರ್ನಿಯಾದವರು ಖಾಸಗಿತನದ ಹಕ್ಕನ್ನು ತಮ್ಮ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಸಾಂಟಾ ಬಾರ್ಬರಾದಲ್ಲಿ 24 ಕೋಣೆ, 10 ಬೆಡ್‌ರೂಮ್, 6 ಬಾತ್‌ರೂಮಿನ ಒಂದು ಮನೆ. ಅದರಲ್ಲಿ 12 ಜನ ಒಂದೇ ಮನೆಯವರ ಹಾಗೆ ಇದ್ದರು. ಊರಿನ ಮಿತಿ ಐದು. ಹತ್ತು ಬೆಡ್‌ರೂಮಿಗೆ ಐದೇ ಜನ! 1980ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಮಿತಿಯನ್ನು ರದ್ದು ಮಾಡಿತು. ಮನೆಯನ್ನು ಯಾವುದಕ್ಕೆ ಬಳಸುತ್ತಾರೆ ಅಂತ ನೋಡಿ, ಬಳಸುವವರು ಯಾರು ಅಂತ ಕೆದಕಬೇಡಿ ಅನ್ನುವುದು ಆ ತೀರ್ಪಿನ ಸಾರ.

ನ್ಯೂಜೆರ್ಸಿಯ ಕತೆ ನಮ್ಮವರಿಗೆ ಇನ್ನೂ ಹತ್ತಿರ. ಕನ್ನಡಿಗರು ಬೇಕಾದಷ್ಟಿರುವ ಎಡಿಸನ್ ಊರಿನಿಂದ ಪ್ಲೇನ್‌ಫೀಲ್ಡ್ ದೂರವೇನಿಲ್ಲ. ಅಲ್ಲಿ ಒಬ್ಬ ಪಾದ್ರಿಯ ಸಂಸಾರ, ಮಕ್ಕಳಿರುವ ಇನ್ನೊಬ್ಬ ಮಹಿಳೆಯ ಸಂಸಾರ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿದ್ದವು. ಖರ್ಚು ಉಳಿಸಲು ಎರಡು ಫ್ಯಾಮಿಲಿ ಸೇರಿ ಮನೆ ಹಿಡಿಯುವುದು ನಮ್ಮವರಲ್ಲೂ ಉಂಟಲ್ಲ, ಅದೇ ಥರ. ಊರಿನ ಮಿತಿ ನಾಲ್ಕು. 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಸಂಬಂಧ ನೋಡಿ ಕುಟುಂಬ ಅಂತ ನಿರ್ಧರಿಸುವಂತಿಲ್ಲ ಅಂದಿತು. ಆಮೇಲೆ 1990ರಲ್ಲಿ ಗ್ಲಾಸ್‌ಬರೋ ಅನ್ನುವ ಕಾಲೇಜು ಊರಿನ ಹತ್ತು ವಿದ್ಯಾರ್ಥಿಗಳ ಕೇಸು ಬಂತು. ಹತ್ತು ಹುಡುಗರು ಕುಟುಂಬ ಆಗುತ್ತಾರಾ? ಕೋರ್ಟು ನೋಡಿದ್ದು ಅಡುಗೆಮನೆಯನ್ನು. ಹುಡುಗರು ಒಬ್ಬರಿಗೊಬ್ಬರು ಅಡುಗೆ ಮಾಡಿ ಹಾಕುತ್ತಿದ್ದರು, ದಿನಸಿ ಒಟ್ಟಿಗೆ ತರುತ್ತಿದ್ದರು, ಅಂಗಳದ ಕೆಲಸ ಹಂಚಿಕೊಳ್ಳುತ್ತಿದ್ದರು. ಊಟದ ಖರ್ಚು, ಬಿಲ್ಲು ಕಟ್ಟಲು ಎಲ್ಲರಿಗೂ ಸೇರಿ ಒಂದು ಬ್ಯಾಂಕ್ ಖಾತೆ ಇತ್ತು. ಅಷ್ಟು ಸಾಕು, ಇದು ಒಂದು ಸಂಸಾರವೇ ಅಂದಿತು ಕೋರ್ಟು.

ನಮ್ಮ ಜನಗಣತಿಯೂ ಇದನ್ನೇ ಹೇಳುತ್ತದೆ. ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಸೇರಿ ಒಂದು ಕುಟುಂಬ. ಅವರು ನೆಂಟರಾಗಿರಬಹುದು, ಆಗಿಲ್ಲದೆಯೂ ಇರಬಹುದು. ಗಣತಿಗೆ ಬರುವ ಮೇಷ್ಟ್ರು ಒಲೆ ಎಷ್ಟು ಅಂತ ಕೇಳುತ್ತಾರೆ. ಹಾಗೆ ನೋಡಿದರೆ ಬೆಲ್ ಟೆರ್ ನಿಯಮದಲ್ಲೂ "ಒಟ್ಟಿಗೆ ಇದ್ದು, ಒಟ್ಟಿಗೆ ಅಡುಗೆ ಮಾಡುವವರು" ಅನ್ನುವ ಮಾತಿತ್ತು. ಒಲೆಯ ಲೆಕ್ಕವೊಂದೇ ಸಾಕಿತ್ತು. ಅದರ ಪಕ್ಕ "ಇಬ್ಬರು" ಅನ್ನುವ ಅಂಕಿ ಸೇರಿಸಿದ್ದರಿಂದ ಇಷ್ಟೆಲ್ಲ ಆಯಿತು.

ಇನ್ನು ನಿಯಮ ಬೇಕು ಅನ್ನುವವರ ಮಾತನ್ನೂ ಕೇಳೋಣ. ಅವರೆಲ್ಲ ಸುಮ್ನೆ ಹುಡುಗರ ಮೇಲೆ ಕಣ್ಣು ಬಿಟ್ಟವರು ಅಂದುಕೊಂಡರೆ ತಪ್ಪಾಗುತ್ತದೆ. ರಾತ್ರಿ ಎರಡು ಗಂಟೆಗೆ ಪಾರ್ಟಿ, ಹುಲ್ಲುಹಾಸಿನ ಮೇಲೆ ನಿಲ್ಲಿಸಿದ ಕಾರು, ತುಂಬಿ ಚೆಲ್ಲುವ ಕಸದ ಡಬ್ಬಿ, ಇವೆಲ್ಲ ಇದ್ದದ್ದೇ. ಅದಕ್ಕಿಂತ ಗಟ್ಟಿಯಾದ ವಾದ ದುಡ್ಡಿನದು. ಲೆಕ್ಕಕ್ಕೆ ಅಂತ ಮೂರು ಬೆಡ್‌ರೂಮಿನ ಒಂದು ಮನೆ ಹಿಡಿಯಿರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರಕ್ಕೆ ತಿಂಗಳಿಗೆ 2,400 ಡಾಲರ್ ಬಾಡಿಗೆ ಕಟ್ಟುವ ಶಕ್ತಿ ಇದೆ. ಅದೇ ಮನೆಗೆ ನಾಲ್ಕು ವಿದ್ಯಾರ್ಥಿಗಳು ತಲಾ 800 ಕೊಟ್ಟರೆ 3,200 ಆಗುತ್ತದೆ. ಮಾಲೀಕ ಯಾರಿಗೆ ಕೊಡುತ್ತಾನೆ ಅಂತ ಹೇಳಬೇಕಾ? ಬಾಡಿಗೆಗೆ ಬಿಡಲೆಂದೇ ಮನೆ ಕೊಳ್ಳುವವರು ಇದೇ ಲೆಕ್ಕ ಹಾಕಿ ಜಾಸ್ತಿ ಬೆಲೆ ಕೊಡುತ್ತಾರೆ. ಬರಬರುತ್ತಾ ಬೀದಿಯಲ್ಲಿ ಸಂಸಾರಗಳೇ ಉಳಿಯುವುದಿಲ್ಲ, ಪಕ್ಕದ ಶಾಲೆಗೆ ಮಕ್ಕಳಿರುವುದಿಲ್ಲ. ಮಿತಿ ಮೂರಕ್ಕೆ ನಿಂತರೆ ವಿದ್ಯಾರ್ಥಿಗಳಿಂದಲೂ 2,400ಕ್ಕಿಂತ ಹೆಚ್ಚು ಹುಟ್ಟುವುದಿಲ್ಲ. ಪೈಪೋಟಿ ಸಮ.

ಈ ಲೆಕ್ಕದಲ್ಲಿ ಹುರುಳಿದೆ. ಆದರೆ ಅದರ ಬೆಲೆ ಕಟ್ಟುವವನು ಯಾರು ಅಂತಲೂ ನೋಡಬೇಕು. ನಾಲ್ಕನೆಯ ವಿದ್ಯಾರ್ಥಿ ಊರು ಬಿಟ್ಟು ಹೋಗುವುದಿಲ್ಲ. ಅವನಿಗೂ ಒಂದು ಮನೆ ಬೇಕೇ ಬೇಕು. ಒಂದು ಬೆಡ್‌ರೂಮ್ ಖಾಲಿ ಬಿದ್ದಿರುವಾಗಲೇ ಅವನು ಇನ್ನೊಂದು ಮನೆಗೆ ಸಾಲು ನಿಲ್ಲುತ್ತಾನೆ. ಸಾಲು ಉದ್ದವಾದಷ್ಟೂ ಎಲ್ಲರ ಬಾಡಿಗೆಯೂ ಏರುತ್ತದೆ. ಗಲಾಟೆಗೆ, ಪಾರ್ಕಿಂಗ್‌ಗೆ, ಕಸಕ್ಕೆ ಅಂತಲೇ ಬೇರೆ ನಿಯಮಗಳು ಇದ್ದೇ ಇವೆ.

ವಿದ್ಯಾರ್ಥಿಗಳನ್ನು ಹಿಡಿಯಲು ಹಾಕಿದ ಬಲೆಗೆ ಬೇರೆಯವರೂ ಬೀಳುತ್ತಾರೆ. 2006ರಲ್ಲಿ ಮಿಸೌರಿಯ ಬ್ಲ್ಯಾಕ್ ಜ್ಯಾಕ್ ಅನ್ನುವ ಊರಿನಲ್ಲಿ ಒಂದು ಜೋಡಿ, ಅವರ ಜೊತೆ ಮೂರು ಮಕ್ಕಳು. ಮದುವೆಯಾಗಿಲ್ಲ ಅನ್ನುವ ಕಾರಣಕ್ಕೆ ಅವರನ್ನು ಒಂದು ಕುಟುಂಬ ಅಂತ ಒಪ್ಪದೆ ವಾಸದ ಪರ್ಮಿಟ್ಟನ್ನೇ ಕೊಡಲಿಲ್ಲ. ದೇಶದ ತುಂಬ ಸುದ್ದಿಯಾಗಿ, ಕೊನೆಗೆ ಊರಿನವರು ನಿಯಮ ತಿದ್ದಿದರು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಎಂಟು ದೊಡ್ಡವರು, ಮೂರು ಮಕ್ಕಳು ಸೇರಿ 2014ರಲ್ಲಿ ದೊಡ್ಡದೊಂದು ಬಂಗಲೆಯಲ್ಲಿ ಸಂಸಾರ ಹೂಡಿದರು. ಬಾಡಿಗೆ ಮನೆಯಲ್ಲ, ಕೊಂಡ ಮನೆ. ಆದರೂ ನೋಟಿಸ್ ಬಂತು. 2016ರಲ್ಲಿ ನಗರಾಡಳಿತ ಕೇಸು ಕೈಬಿಟ್ಟಿತು. ಕುಡಿತ, ಡ್ರಗ್ಸ್ ಬಿಟ್ಟವರು ಒಟ್ಟಿಗಿರುವ ಮನೆಗಳ ಮೇಲೂ ಇದೇ ನಿಯಮ ಹಾಕಲು ಹೋಗಿ, 1995ರಲ್ಲಿ ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಅಂಥವರಿಗೆ ಕೇಂದ್ರದ ವಸತಿ ಕಾನೂನಿನ ರಕ್ಷಣೆ ಇದೆ. ವಿದ್ಯಾರ್ಥಿ ಅನ್ನುವವನಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ.

ಇತ್ತೀಚೆಗೆ ಬದಲಾವಣೆ ಬರುತ್ತಿರುವುದು ಕೋರ್ಟಿನಿಂದಲ್ಲ, ಶಾಸಕರಿಂದ. ಅಯೋವಾದ ಏಮ್ಸ್ ನಗರದ ಮೂವರ ಮಿತಿಯನ್ನು 2007ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಹತ್ತು ವರ್ಷದ ಮೇಲೆ, 2017ರಲ್ಲಿ, ಶಾಸನಸಭೆಯೇ ಅಂಥ ಮಿತಿ ಹಾಕಬೇಡಿ ಅಂತ ನಗರಗಳ ಕೈ ಕಟ್ಟಿತು. 2021ರಲ್ಲಿ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳು ಅದೇ ದಾರಿ ಹಿಡಿದವು. ಕೊಲೊರಾಡೊದಲ್ಲಿ ಜಗಳ ಜೋರಾಗಿಯೇ ನಡೆಯಿತು. ಫೋರ್ಟ್ ಕಾಲಿನ್ಸ್‌ನಲ್ಲಿ "ಯು ಪ್ಲಸ್ ಟು", ಅಂದರೆ ನೀನು ಮತ್ತು ಇನ್ನಿಬ್ಬರು ಅನ್ನುವ ನಿಯಮ ಇತ್ತು. ಬೌಲ್ಡರ್‌ನಲ್ಲಿ 2021ರಲ್ಲಿ ಮಿತಿ ಸಡಿಲಿಸಿ ಅನ್ನುವ ಪ್ರಸ್ತಾವ ಮತಕ್ಕೆ ಹೋಗಿ ಸ್ವಲ್ಪದರಲ್ಲಿ ಸೋತಿತು. 2023ರಲ್ಲಿ ನಗರಸಭೆಯೇ ಮಿತಿಯನ್ನು ಐದಕ್ಕೆ ಏರಿಸಿತು. 2024ರಲ್ಲಿ ರಾಜ್ಯದ ಕಾನೂನು ಬಂದು ಎಲ್ಲವನ್ನೂ ಒಟ್ಟಿಗೆ ಅಳಿಸಿತು. ಸಂಬಂಧ ನೋಡಿ ತಲೆ ಎಣಿಸುವಂತಿಲ್ಲ, ಬೆಂಕಿ, ಕಟ್ಟಡ, ಆರೋಗ್ಯದ ನಿಯಮ ನೋಡಿ ಬೇಕಾದರೆ ಎಣಿಸಿ ಅನ್ನುವುದು ಅದರ ತಾತ್ಪರ್ಯ. ಆದರೆ ಗಮನಿಸಿ, ಇದು ಕಟ್ಟಿದ್ದು ಊರಿನ ಆಡಳಿತದ ಕೈಯನ್ನು. ಮೂವರಿಗೇ ಕೊಡ್ತೀನಿ ಅಂತ ಮಾಲೀಕ ತಾನಾಗಿ ಹೇಳಿದರೆ ಅದು ಬೇರೆ ಮಾತು.

ಎಲ್ಲರೂ ಒಂದೇ ದಿಕ್ಕಿಗೆ ಹೊರಟಿದ್ದಾರೆ ಅಂತಲೂ ಅಲ್ಲ. ಕ್ಯಾನ್ಸಸ್‌ನ ಶಾನೀ ನಗರ 2022ರಲ್ಲಿ ಸಂಬಂಧ ಇಲ್ಲದ ನಾಲ್ವರು ಒಟ್ಟಿಗಿರುವುದನ್ನು ಹೊಸದಾಗಿ ನಿಷೇಧಿಸಿತು. ಬಾಸ್ಟನ್‌ನದು ಇನ್ನೊಂದು ಥರ. 2008ರಿಂದ ಅಲ್ಲಿ ಒಂದು ಮನೆಯಲ್ಲಿ ಪೂರ್ಣಾವಧಿ ಪದವಿ ವಿದ್ಯಾರ್ಥಿಗಳು ನಾಲ್ವರಿಗಿಂತ ಜಾಸ್ತಿ ಇರುವಂತಿಲ್ಲ. ಎಂಎಸ್, ಪಿಎಚ್‌ಡಿ ಮಾಡುವವರಿಗೆ ಈ ನಿಯಮ ತಾಗುವುದಿಲ್ಲ.

ಅಂದಹಾಗೆ, ಕಾಲೇಜು ಊರುಗಳಲ್ಲಿ ಒಂದು ಕಟ್ಟುಕತೆ ತಲೆಮಾರುಗಳಿಂದ ಓಡಾಡುತ್ತಿದೆ. ಇಷ್ಟಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ಒಂದು ಮನೆಯಲ್ಲಿದ್ದರೆ ಹಳೆಯ ಕಾನೂನಿನ ಪ್ರಕಾರ ಅದು ವೇಶ್ಯಾಗೃಹ ಅಂತ. ಅಂಥ ಕಾನೂನೇ ಇಲ್ಲ. ಇರುವುದು ಈ ಝೋನಿಂಗ್ ಮಿತಿ, ಅದಕ್ಕೆ ಗಂಡು-ಹೆಣ್ಣು ಭೇದವಿಲ್ಲ.

ನಿಯಮ ಇದ್ದರೂ ಸಿಕ್ಕಿಬೀಳುವುದು ಹೇಗೆ? ಬಹುಪಾಲು ಪಕ್ಕದ ಮನೆಯವರ ದೂರಿನಿಂದ. ಮನೆ ಮುಂದೆ ದಿನಾ ಐದು ಕಾರು ನಿಂತರೆ ಯಾರೋ ಒಬ್ಬರು ಊರಿನ ಕಚೇರಿಗೆ ಫೋನ್ ಮಾಡುತ್ತಾರೆ. ಇನ್‌ಸ್ಪೆಕ್ಟರ್ ಬರುತ್ತಾನೆ. ಬಾಡಿಗೆದಾರರು ಒಪ್ಪದಿದ್ದರೆ ವಾರಂಟ್ ಇಲ್ಲದೆ ಒಳಗೆ ಬರುವಂತಿಲ್ಲ ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹೊರಗಿನಿಂದಲೇ ಕಾರು, ಪೋಸ್ಟ್ ಡಬ್ಬಿಯ ಹೆಸರು, ಅಗ್ರಿಮೆಂಟು ಇವನ್ನು ನೋಡುತ್ತಾರೆ. ದಂಡ, ಮನೆ ಬಾಡಿಗೆಗೆ ಕೊಡುವ ಲೈಸೆನ್ಸ್ ರದ್ದು ಇವುಗಳ ಭಯ ಮಾಲೀಕನಿಗೆ. ಹೊರಗೆ ಹೋಗಬೇಕಾದ್ದು ಮಾತ್ರ ಬಾಡಿಗೆದಾರ. "ಇವನು ನನ್ನ ಕಸಿನ್" ಅಂತ ಹೇಳಿ ಪಾರಾಗುವವರೂ ಇದ್ದಾರೆ. ನಮ್ಮವರಿಗೆ ಊರಿನವರೆಲ್ಲ ಕಸಿನ್ನೇ ಬಿಡಿ. ಬಾಯಿಮಾತಿಗೆ ಸರಿ, ಅದನ್ನೇ ಬರೆದು ಸಹಿ ಹಾಕಿದರೆ ಸುಳ್ಳು ಹೇಳಿಕೆಯಾಗುತ್ತದೆ.

ಮಿತಿ ಹೋದ ಊರಿನಲ್ಲೂ ಎಷ್ಟು ಜನ ಬೇಕಾದರೂ ತುಂಬಿಕೊಳ್ಳಬಹುದು ಅಂತಲ್ಲ. ಅಲ್ಲಿ ಚದರ ಅಡಿಯ ಲೆಕ್ಕ ಬರುತ್ತದೆ. ಅಮೆರಿಕದ ಬಹಳಷ್ಟು ಊರುಗಳು ಬಳಸುವ ಮಾದರಿ ನಿಯಮದ ಪ್ರಕಾರ ಬೆಡ್‌ರೂಮಿನಲ್ಲಿ ಒಬ್ಬರೇ ಮಲಗಿದರೆ ಕನಿಷ್ಠ 70 ಚದರ ಅಡಿ, ಒಬ್ಬರಿಗಿಂತ ಜಾಸ್ತಿ ಇದ್ದರೆ ತಲೆಗೆ 50. ಹತ್ತು-ಹನ್ನೆರಡು ಅಡಿಯ ರೂಮು ಅಂದರೆ 120 ಚದರ ಅಡಿ. ಇಬ್ಬರಿಗೆ 100 ಸಾಕು, ಸರಿಹೋಯಿತು. ಮೂರನೆಯವನು ಬಂದರೆ 150 ಬೇಕು, ಆಗುವುದಿಲ್ಲ. ಬಿಬಿಎಂಪಿ 2024ರಲ್ಲಿ ಪಿಜಿಗಳಿಗೆ ಹೊರಡಿಸಿದ ಸೂಚನೆಯಲ್ಲೂ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಅಂತಲೇ ಇದೆ. ಇಂಥ ಲೆಕ್ಕಕ್ಕೆ ಯಾರ ತಕರಾರೂ ಇರಲಾರದು, ಎಲ್ಲರನ್ನೂ ಒಂದೇ ಟೇಪಿನಲ್ಲಿ ಅಳೆಯುತ್ತದೆ.

ಈಗ ಮನೆ ಹುಡುಕುತ್ತಿರುವವರಿಗೆ ನಾಲ್ಕು ಮಾತು. ಮೂರು ಹೆಸರು ಬರೆಸಿ ಐವರು ಇರುವ ಉಪಾಯವನ್ನು ಸೀನಿಯರ್‌ಗಳು ಧಾರಾಳವಾಗಿ ಹೇಳಿಕೊಡುತ್ತಾರೆ. ಹೆಸರಿಲ್ಲದ ಆ ಇಬ್ಬರಿಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವಿಳಾಸದ ದಾಖಲೆ ಸಿಗುವುದು ಕಷ್ಟ, ಅಡ್ವಾನ್ಸ್ ದುಡ್ಡು ವಾಪಸ್ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ. ಎಫ್-1 ವೀಸಾದವರು ಮನೆ ಬದಲಿಸಿದ ಹತ್ತು ದಿನದೊಳಗೆ ನಿಜವಾದ ವಿಳಾಸವನ್ನು ವಿಶ್ವವಿದ್ಯಾಲಯಕ್ಕೆ ಕೊಡಲೇಬೇಕು. ಒಂದೇ ವಿಳಾಸಕ್ಕೆ ಐದು ಹೆಸರು ಅಲ್ಲಿ ದಾಖಲಾಗಿಯೇ ಆಗುತ್ತದೆ. ಹೆಸರಿರುವ ಮೂವರಿಗೆ ಬೇರೆ ಕುತ್ತು. ಬಹುತೇಕ ಅಗ್ರಿಮೆಂಟುಗಳಲ್ಲಿ ಬಾಡಿಗೆಗೆ ಎಲ್ಲರೂ ಒಟ್ಟಿಗೆ ಹೊಣೆ, ಒಬ್ಬೊಬ್ಬರೂ ಪೂರ್ತಿಗೆ ಹೊಣೆ ಅಂತ ಬರೆದಿರುತ್ತದೆ. ಒಬ್ಬ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರೆ ಅವನ ಪಾಲನ್ನೂ ಉಳಿದವರೇ ತುಂಬಬೇಕು.

ಇನ್ನೊಂದು ಬೇಸ್‌ಮೆಂಟ್ ವಿಷಯ. ತಲೆ ಎಣಿಕೆ ತಪ್ಪಿಸಲು ನಾಲ್ಕನೆಯವನನ್ನು ಕೆಳಗೆ ಮಲಗಿಸುವುದುಂಟು. ಮಲಗುವ ಕೋಣೆಗೆ ಬೆಂಕಿ ಬಿದ್ದಾಗ ಹೊರಗೆ ಹಾರಲು ಆಗುವಷ್ಟು ದೊಡ್ಡ ಕಿಟಕಿ ಇರಬೇಕು. ಮಾದರಿ ನಿಯಮದಲ್ಲಿ ತೆರೆದ ಜಾಗ 5.7 ಚದರ ಅಡಿ, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಸೂರಿನ ಹತ್ತಿರ ಒಂದು ಗವಾಕ್ಷಿ ಮಾತ್ರ ಇರುವ ಬೇಸ್‌ಮೆಂಟ್ ರೂಮನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಪ್ಪಬೇಡಿ. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಊರಿನ ಪ್ಲಾನಿಂಗ್ ಕಚೇರಿಗೆ ಫೋನ್ ಮಾಡಿ ಮನೆಯ ವಿಳಾಸ ಹೇಳಿದರೆ, ಅಲ್ಲಿ ಎಷ್ಟು ಜನ ಇರಬಹುದು ಅನ್ನುವುದನ್ನು ಅವರೇ ತಿಳಿಸುತ್ತಾರೆ.